ರೈಲ್ವೆ ಬೀಗ ಕಲಿಸುವ ಪಾಠ

ಬಳ್ಳಾರಿ–ರಾಯದುರ್ಗ ರೈಲುಮಾರ್ಗವು ಮೊದಲು ಮೀಟರ್ ಗೇಜಿನದಾಗಿತ್ತು. ಇಂತಹ ಮಾರ್ಗಗಳು ಬ್ರಾಡ್ ಗೇಜಿಗೆ ಪರಿವರ್ತಿತವಾದಾಗ ಎಷ್ಟೋ ಹಳೆಯ ಬೀಗ, ಕೀಲಿಕೈಗಳು ಗುಜರಿ ಸೇರಿದವು. ಹವ್ಯಾಸಿಗಳು ಅವನ್ನು ಅಕ್ಕರೆಯಿಂದ ಸಂಗ್ರಹಿಸುತ್ತಾರೆ. ಸಂತೋಷ. ಆದರೆ ಅವು ಮಾಡುತ್ತಿದ್ದ ಕೆಲಸವನ್ನರಿಯದೆ ಬರಿಯ ಲೋಹವನ್ನು ಕೂಡಿಟ್ಟರೆ ಫಲವೇನು?

ಮನೆಯ ಬೀಗ ಕಳ್ಳನನ್ನು ತಡೆಯುತ್ತದೆ. ರೈಲ್ವೆಯ ಬೀಗ ತಪ್ಪನ್ನು ತಡೆಯುತ್ತದೆ. ಹಳಿ ಕವಲೊಡೆಯುವ ಸ್ಥಳಕ್ಕೆ ‘ಪಾಯಿಂಟ್’ ಎನ್ನುವರು. ಹಳೆಯ ಕೀಲಿಕೈ ಪದ್ಧತಿಯಲ್ಲಿ, ಪಾಯಿಂಟ್ ಸರಿಯಾಗಿ ಕೂತು ಬೀಗ ಬಿದ್ದ ಹೊರತು ಕೀಲಿಕೈ ಹೊರಬರದು. ಆ ಕೀಲಿಕೈಯಿಲ್ಲದೆ ಸಿಗ್ನಲ್ಲಿನ ಸನ್ನೆ ಕದಲದು. ಅವಸರಪಡುವವನ ಕೈಯನ್ನು ಬೀಗವೇ ಹಿಡಿದು ನಿಲ್ಲಿಸುತ್ತಿತ್ತು.

ಇಂದು ಈ ಕಾರ್ಯವನ್ನು ಹೆಚ್ಚಾಗಿ ವಿದ್ಯುತ್ ರಿಲೇಗಳೂ ಗಣಕಯಂತ್ರಗಳೂ ನಿರ್ವಹಿಸುತ್ತವೆ. ಆದರೂ ರಿಲೇ ಕೊಠಡಿಗೆ ಎರಡು ಬೀಗ: ಒಂದರ ಕೀಲಿಕೈ ಸ್ಟೇಷನ್ ಮಾಸ್ತರರಲ್ಲಿ, ಇನ್ನೊಂದರದು ಸಿಗ್ನಲ್ ಸಿಬ್ಬಂದಿಯಲ್ಲಿ. ಒಬ್ಬರೇ ತೆರೆಯುವಂತಿಲ್ಲ. 2023ರ ಜೂನ್ 2ರಂದು ಒಡಿಶಾದ ಬಹನಾಗಾ ಬಜಾರ್ ನಿಲ್ದಾಣದಲ್ಲಿ, ಸಿಗ್ನಲ್ ತಂತಿಗಳ ಜೋಡಣೆ ತಪ್ಪಿದ್ದರಿಂದಾದ ಅಪಘಾತದಲ್ಲಿ 290ಕ್ಕೂ ಹೆಚ್ಚು ಜನ ಅಸುನೀಗಿದರು. ಬಳಿಕ ರೈಲ್ವೆ ಮಂಡಳಿಯು ಎರಡು ಬೀಗಗಳ ಈ ಕಟ್ಟಳೆಯನ್ನೇ ಮತ್ತೆ ಬಿಗಿಗೊಳಿಸಿತು.

ಸಂಗ್ರಾಹಕರು ಒಂದನ್ನು ಗಮನಿಸಬೇಕು. ಗುಜರಿಗೆ ಮಾರಿದ ಬೀಗವನ್ನು ಕೊಳ್ಳಬಹುದು; ಬಳಕೆಯಲ್ಲಿರುವುದನ್ನು ಕಿತ್ತು ತಂದು ಇಟ್ಟುಕೊಳ್ಳುವುದು 1966ರ ರೈಲ್ವೆ ಸ್ವತ್ತಿನ ಕಾಯಿದೆಯಂತೆ ಅಪರಾಧ. ಅದಕ್ಕಿಂತ ಮಿಗಿಲಾಗಿ, ಅದು ಪ್ರಯಾಣಿಕರ ಪ್ರಾಣದೊಡನೆ ಆಡುವ ಆಟ.

ಕಾಮಗಾರಿ ನಡೆದಿರುವ ರಾಯದುರ್ಗ–ತುಮಕೂರು ಹೊಸ ಮಾರ್ಗವು ಮಡಕಶಿರ ಸೀಮೆಯನ್ನು ಹಾಯಲಿದೆ. ನಾಳೆ ಅಲ್ಲಿ ನಮ್ಮ ಶಾಲೆಯ ಮಕ್ಕಳೂ ದುಡಿದಾರು. ಯಂತ್ರ ಬದಲಾದರೂ ಕೀಲಿಕೈ ಹಿಡಿದವರ ಹೊಣೆ ಬದಲಾಗದೆಂಬುದನ್ನು ಅವರು ಮರೆಯದಿರಲಿ.