ಬಸ್ಸಿನ ಭಯಕ್ಕೆ ನೀರು ಬಿಡಬೇಡಿ

“ಬೆಳಿಗ್ಗೆ ಏಳಕ್ಕೆ ಮನೆ ಬಿಡ್ತೇನೆ ಡಾಕ್ಟ್ರೇ. ಒಂದು ಲೋಟ ಚಹಾ ಬಿಟ್ಟರೆ ಏನೂ ಕುಡಿಯೋದಿಲ್ಲ. ಬಸ್ಸಲ್ಲಿ ಅವಸರವಾದರೆ ಎಲ್ಲಿಗೆ ಹೋಗಲಿ?”

ಶಿವಾಜಿನಗರದಿಂದ ಎಲೆಕ್ಟ್ರಾನಿಕ್ ಸಿಟಿಗೆ ಕೆಲಸಕ್ಕೆ ಹೋಗುವ ಸಹೋದರಿಯೊಬ್ಬರ ಮಾತಿದು. ಮೂರು ತಿಂಗಳಲ್ಲಿ ಎರಡನೇ ಬಾರಿ ಉರಿಮೂತ್ರವೆಂದು ಅವರು ಬಂದಿದ್ದರು.

ಬೆಂಗಳೂರಿನ ಬಸ್ ಪ್ರಯಾಣ ನಿಮಗೂ ಗೊತ್ತು. ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಊಟದ ಚೀಲ, ಮೈಮೇಲೆ ಬೀಳುವ ಜನ. ಸಿಲ್ಕ್ ಬೋರ್ಡ್ ದಾಟುವಷ್ಟರಲ್ಲಿ ಸಾಕುಸಾಕಾಗಿರುತ್ತದೆ. ನಡುವೆ ಇಳಿದರೆ ಮುಂದಿನ ಬಸ್ಸಿನಲ್ಲಿ ಕಾಲಿಡಲು ಜಾಗ ಸಿಗುವ ಖಾತ್ರಿಯಿಲ್ಲ. ಹಾಗಾಗಿ ಅನೇಕರು ನೀರು ಕುಡಿಯುವುದನ್ನೇ ಬಿಡುತ್ತಾರೆ, ಬಂದ ಮೂತ್ರವನ್ನು ತಡೆಯುತ್ತಾರೆ.

ಆರೋಗ್ಯಕ್ಕೆ ಅತ್ಯಗತ್ಯವಾದ ಆರು ಸಂಗತಿಗಳನ್ನು ಯುನಾನಿ ವೈದ್ಯಶಾಸ್ತ್ರ ‘ಅಸ್ಬಾಬೆ ಸಿತ್ತಾ ಝರೂರಿಯಾ’ ಎನ್ನುತ್ತದೆ. ಗಾಳಿ, ಆಹಾರ, ನಿದ್ದೆಗಳ ಸಾಲಿನಲ್ಲೇ ‘ಇಹ್ತಿಬಾಸ್ ವ ಇಸ್ತಿಫ್ರಾಗ್’ ಕೂಡ ಇದೆ. ಅಂದರೆ, ದೇಹದಲ್ಲಿ ಉಳಿಯಬೇಕಾದುದು ಉಳಿಯಬೇಕು, ಹೊರಹೋಗಬೇಕಾದುದು ಸಮಯಕ್ಕೆ ಹೊರಹೋಗಬೇಕು.

ಮೂತ್ರ ಹರಿದುಹೋಗುವಾಗ ರೋಗಾಣುಗಳೂ ಕೊಚ್ಚಿಹೋಗುತ್ತವೆ. ಗಂಟೆಗಟ್ಟಲೆ ತಡೆದರೆ ಅವು ಮೂತ್ರಕೋಶದಲ್ಲೇ ಬೆಳೆಯುತ್ತವೆ. ಮಹಿಳೆಯರಲ್ಲಿ ಮೂತ್ರಕೋಶದಿಂದ ಹೊರಬರುವ ನಾಳದ ಉದ್ದ ಸುಮಾರು 4 ಸೆಂ.ಮೀ. ಮಾತ್ರ. ಆದ್ದರಿಂದ ಸೋಂಕು ಬೇಗ ಒಳಸೇರುತ್ತದೆ. ನೀರು ಕಡಿಮೆಯಾದರೆ ಕಲ್ಲು ಕಟ್ಟುವ ಅಪಾಯ ಗಂಡಸರಿಗೂ ಇದೆ.

ಹೀಗೆ ಮಾಡಿ:

1. ಎದ್ದ ಕೂಡಲೇ ಒಂದೆರಡು ಲೋಟ ನೀರು ಕುಡಿಯಿರಿ. ಹೊರಡುವ ಮುನ್ನಿನ ಅರ್ಧ ಗಂಟೆಯಲ್ಲಿ ಹೆಚ್ಚು ಕುಡಿಯಬೇಡಿ.

2. ಮನೆಯಿಂದಲೂ ಕೆಲಸದಿಂದಲೂ ಹೊರಡುವಾಗ, ಅವಸರವಿಲ್ಲದಿದ್ದರೂ ಶೌಚಾಲಯಕ್ಕೆ ಹೋಗಿ ಬನ್ನಿ.

3. ಬಸ್ಸಿನಲ್ಲಿ ಬಾಯಾರಿದರೆ ಗುಟುಕು ಗುಟುಕಾಗಿ ಕುಡಿಯಿರಿ. ಉಳಿದ ನೀರನ್ನು ಕೆಲಸದ ವೇಳೆಗೆ ಹಂಚಿಕೊಳ್ಳಿ. ಮೂತ್ರ ತಿಳಿ ಹಳದಿಯಾಗಿದ್ದರೆ ನೀರು ಸಾಕಷ್ಟಾಗಿದೆ ಎಂದರ್ಥ. ಹೃದಯ ಅಥವಾ ಮೂತ್ರಪಿಂಡದ ಕಾಯಿಲೆಯಿದ್ದವರು ಎಷ್ಟು ಕುಡಿಯಬೇಕೆಂದು ವೈದ್ಯರನ್ನು ಕೇಳಿಕೊಳ್ಳಿ.

4. ನಿಮ್ಮ ದಾರಿಯಲ್ಲಿ ಯಾವ ನಿಲ್ದಾಣದಲ್ಲಿ ಶೌಚಾಲಯವಿದೆ ಎಂದು ಮೊದಲೇ ತಿಳಿದಿಟ್ಟುಕೊಳ್ಳಿ. ಅಗತ್ಯವಾದರೆ ಸಂಕೋಚ ಬಿಟ್ಟು ಇಳಿಯಿರಿ. ಒಂದು ಬಸ್ ತಪ್ಪಿದರೆ ಇನ್ನೊಂದು ಬರುತ್ತದೆ.

5. ಶುಚಿ ಮಾಡುವಾಗ ಮುಂದಿನಿಂದ ಹಿಂದಕ್ಕೆ ತೊಳೆಯಿರಿ. ಹೆಣ್ಣುಮಕ್ಕಳಿಗೆ ಇಸ್ತಿಂಜಾ ಕಲಿಸುವಾಗಲೇ ಇದನ್ನು ಹೇಳಿಕೊಡಿ.

ಬಾರ್ಲಿ ನೀರು ದೇಹಕ್ಕೆ ಹಿತ, ನಾನೂ ಹೇಳುತ್ತೇನೆ. ಆದರೆ ಸೋಂಕು ತಗುಲಿದ ಮೇಲೆ ಅದೊಂದನ್ನೇ ನಂಬಿ ಕೂರಬೇಡಿ. ಉರಿ ಅಥವಾ ಪದೇ ಪದೇ ಅವಸರ ಕಂಡರೆ ಮೂತ್ರ ಪರೀಕ್ಷೆ ಮಾಡಿಸಿ. ಚಳಿಜ್ವರ, ಬೆನ್ನಿನ ಪಕ್ಕದಲ್ಲಿ ನೋವು, ವಾಂತಿ ಅಥವಾ ಮೂತ್ರದಲ್ಲಿ ರಕ್ತ ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಗರ್ಭಿಣಿಯರು ಮತ್ತು ಸಕ್ಕರೆ ಕಾಯಿಲೆಯವರು ಸಣ್ಣ ಉರಿಯನ್ನೂ ಕಡೆಗಣಿಸಬಾರದು.

ಮನೆಯವರಿಗೂ ಒಂದು ಮಾತು. ಬೆಳಿಗ್ಗೆ ಎಲ್ಲರ ಬುತ್ತಿ ಕಟ್ಟಿ ಓಡುವವಳಿಗೆ ನೀರು ಕುಡಿಯಲೂ ಬಿಡುವಿರುವುದಿಲ್ಲ. ಒಂದು ಕೆಲಸ ನೀವು ಹಂಚಿಕೊಳ್ಳಿ. ಸಂಜೆ ಅವಳು ಬಾಗಿಲಿಗೆ ಬಂದಾಗ ಚಹಾ ಕೇಳುವ ಮೊದಲು, ಒಳಹೋಗಿ ಬರಲು ಐದು ನಿಮಿಷ ಬಿಡಿ.