ಪ್ರಶ್ನೆಯೂ ಪಕ್ಷನಿಷ್ಠೆಯೇ

ನಾಯಕನ ಮೇಲೆ ಆರೋಪ ಬಂದಾಗ ಅವನ ಪಕ್ಷದವರೇ ಏಕೆ ಮೌನ ತಾಳುತ್ತಾರೆ? ಪೌರನೀತಿಯ ಪಾಠ ಹೇಳುವಾಗ ವಿದ್ಯಾರ್ಥಿಗಳು ನನ್ನನ್ನು ಅನೇಕ ಬಾರಿ ಕೇಳಿರುವ ಪ್ರಶ್ನೆಯಿದು. ಸುವರ್ಣ ಮಹೋತ್ಸವದ ಈ ಸಂಚಿಕೆಯಲ್ಲಿ ಅದಕ್ಕೆ ಉತ್ತರ ಹುಡುಕುವ ಕಿರುಪ್ರಯತ್ನ ಮಾಡಿದ್ದೇನೆ.

ನಮ್ಮ ತವರುನಾಡಿನ ಉದಾಹರಣೆಯನ್ನೇ ನೋಡೋಣ. 2011ರ ಜುಲೈ 27ರಂದು ಲೋಕಾಯುಕ್ತ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆಯವರು ಸಲ್ಲಿಸಿದ ಅಕ್ರಮ ಗಣಿಗಾರಿಕೆಯ ವರದಿಯಲ್ಲಿ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪನವರ ಮೇಲೂ ಆರೋಪವಿತ್ತು. ಅವರ ಪಕ್ಷದ ಅನೇಕ ಶಾಸಕರು ಅವರ ನಿವಾಸದಲ್ಲಿ ನೆರೆದು ಬೆಂಬಲ ಸಾರಿದರು. ರಾಜೀನಾಮೆಯ ಸೂಚನೆ ದೆಹಲಿಯ ವರಿಷ್ಠರಿಂದಲೇ ಬರಬೇಕಾಯಿತು. ಜುಲೈ 31ರಂದು ಅವರು ಪದತ್ಯಾಗ ಮಾಡಿದರು. ಮುಂದೆ 2016ರ ಅಕ್ಟೋಬರ್‌ನಲ್ಲಿ ಸಿಬಿಐ ವಿಶೇಷ ನ್ಯಾಯಾಲಯವು ಗಣಿ ಲಂಚದ ಮೊಕದ್ದಮೆಯಲ್ಲಿ ಅವರನ್ನು ಖುಲಾಸೆಗೊಳಿಸಿತು. ಈ ಪ್ರಕರಣ ಕಲಿಸುವ ಪಾಠ ಒಂದಿದೆ: ವಿವರಣೆ ಕೇಳುವುದು ಬೇರೆ, ಅಪರಾಧಿಯೆಂದು ಸಾರುವುದು ಬೇರೆ. ಇವೆರಡೂ ಒಂದೇ ಎಂದು ಭಾವಿಸಿದಾಗಲೇ ಕೇಳಬೇಕಾದ ಬಾಯಿಗಳು ಮುಚ್ಚಿಕೊಳ್ಳುತ್ತವೆ.

ಮೌನಕ್ಕೆ ಲೌಕಿಕ ಕಾರಣಗಳೂ ಉಂಟು. ಚುನಾವಣೆಯ ಟಿಕೆಟ್ಟು, ಮಂತ್ರಿಪದವಿ ಎರಡೂ ನಾಯಕನ ಕೈಯಲ್ಲಿವೆ. 1985ರ ಪಕ್ಷಾಂತರ ನಿಷೇಧ ಕಾಯಿದೆಯಂತೆ, ಸದನದಲ್ಲಿ ಪಕ್ಷದ ವಿಪ್ ಮೀರಿ ಮತ ನೀಡಿದವರು ಸದಸ್ಯತ್ವವನ್ನೇ ಕಳೆದುಕೊಳ್ಳಬಹುದು. ಆದರೆ ಪಕ್ಷದ ಸಭೆಯಲ್ಲಿ ಪ್ರಶ್ನಿಸುವುದನ್ನು ಆ ಕಾಯಿದೆ ನಿಷೇಧಿಸಿಲ್ಲ. ನಾವು ನೆಲೆಸಿರುವ ಗೋವೆಯಲ್ಲಿ 2019ರ ಜುಲೈನಲ್ಲಿ ಕಾಂಗ್ರೆಸ್ಸಿನ 15 ಶಾಸಕರಲ್ಲಿ 10 ಮಂದಿ, 2022ರ ಸೆಪ್ಟೆಂಬರ್‌ನಲ್ಲಿ 11ರಲ್ಲಿ 8 ಮಂದಿ ಭಾಜಪ ಸೇರಿದರು. ಮೂರನೆಯ ಎರಡರಷ್ಟು ಸದಸ್ಯರು ಒಪ್ಪಿದರೆ ವಿಲೀನಕ್ಕೆ ಕಾಯಿದೆಯಲ್ಲೇ ಅವಕಾಶವಿದೆ. ಗುಂಪಾಗಿ ಪಕ್ಷ ತೊರೆಯುವುದು ಸುಲಭ. ಒಳಗಿದ್ದುಕೊಂಡೇ ಒಬ್ಬಂಟಿಯಾಗಿ ಕೇಳುವುದು ಕಠಿಣ.

ಆ ಕಠಿಣ ಕಾರ್ಯವನ್ನು ಮಾಡಿದವರೂ ಇದ್ದಾರೆ. ದ್ಯೂತಸಭೆಯಲ್ಲಿ ಹಿರಿಯರು ತಲೆತಗ್ಗಿಸಿದ್ದಾಗ ಅಧರ್ಮವನ್ನು ಖಂಡಿಸಿದವನು ದುರ್ಯೋಧನನ ತಮ್ಮ ವಿಕರ್ಣ. ಕುರುಕ್ಷೇತ್ರದಲ್ಲಿ ಅವನು ಮಡಿದದ್ದು ಅಣ್ಣನ ಪಕ್ಷದಲ್ಲೇ. ನಮ್ಮ ಸಂಸತ್ತಿನಲ್ಲಿ 1957ರ ಡಿಸೆಂಬರ್‌ನಲ್ಲಿ, ಮುಂದ್ರಾನ ಕಂಪನಿಗಳಲ್ಲಿ ಜೀವವಿಮಾ ನಿಗಮ ಹಣ ತೊಡಗಿಸಿದ್ದನ್ನು ಪ್ರಶ್ನಿಸಿದವರು ಕಾಂಗ್ರೆಸ್ ಸದಸ್ಯ, ಪ್ರಧಾನಿ ನೆಹರೂ ಅವರ ಅಳಿಯ ಫಿರೋಜ್ ಗಾಂಧಿ. ನ್ಯಾಯಮೂರ್ತಿ ಛಾಗ್ಲಾ ಅವರ ವಿಚಾರಣೆ ನಡೆದು, 1958ರ ಫೆಬ್ರವರಿಯಲ್ಲಿ ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆಯಿತ್ತರು. ಫಿರೋಜ್ ಗಾಂಧಿಯವರು ಕಾಂಗ್ರೆಸ್ಸಿನಲ್ಲೇ ಉಳಿದರು.

ಈ ಧೈರ್ಯ ಶಾಸನಸಭೆಯಲ್ಲಿ ಹಠಾತ್ತನೆ ಹುಟ್ಟುವುದಿಲ್ಲ. ಪ್ರವಾಸದ ಹಣದ ಲೆಕ್ಕವನ್ನು ತರಗತಿಯ ಮುಖಂಡನಾದ ಗೆಳೆಯನಲ್ಲಿ ವಿನಯದಿಂದ ಕೇಳುವ, ಕೇಳಿದ ಮೇಲೂ ಅವನೊಡನೆ ಕೂಡಿ ಉಣ್ಣುವ ಮಗುವಿನಲ್ಲಿ ಅದು ಮೊಳೆಯುತ್ತದೆ. ಅಂತಹ ಮಕ್ಕಳನ್ನು ಬೆಳೆಸುವುದು ಪಾಲಕರ ಮತ್ತು ಶಾಲೆಯ ಕೂಡುಹೊಣೆ.