ಗೂಡು ಬಿಡುವ ಮರಿ: ನೋಟ, ಚಿತ್ರ, ಬರವಣಿಗೆ

ಕಾಸರಗೋಡಿನ ಶಾಲೆಗಳಲ್ಲಿ ಬೇಸಗೆ ರಜೆಗೆ ಮುನ್ನ, ಫೆಬ್ರವರಿ–ಮಾರ್ಚ್ ತಿಂಗಳುಗಳಲ್ಲಿ, ಅಂಗಳದ ದಾಸವಾಳದ ಬೇಲಿಯಲ್ಲೋ ಕೇಪುಳದ ಪೊದೆಯಲ್ಲೋ ಕೆಮ್ಮೀಸೆ ಪಿಕಳಾರದ ಗೂಡು ಕಾಣಸಿಗುವುದು ಅಪರೂಪವಲ್ಲ. ನೆಟ್ಟನೆಯ ಕರಿಯ ಜುಟ್ಟು, ಕಣ್ಣಿನ ಹಿಂದೆ ಕೆಂಪು ಮಚ್ಚೆ, ಬಾಲದ ಬುಡದಲ್ಲಿಯೂ ಕೆಂಪು. ಮಲಯಾಳದಲ್ಲಿ ಇದು ‘ಇರಟ್ಟತ್ತಲಚ್ಚಿ’. ಜುಟ್ಟನ್ನು ಇನ್ನೊಂದು ತಲೆಯಾಗಿ ಕಂಡ ಹೆಸರು. ಮಕ್ಕಳು ಮನೆಯಲ್ಲಿ ಬಳಸುವ ಹೆಸರನ್ನೂ ಕರಿಹಲಗೆಯ ಮೇಲೆ ಬರೆದೇ ಪಾಠ ಆರಂಭವಾಗಲಿ.

ಈ ಹಕ್ಕಿ ಸಾಮಾನ್ಯವಾಗಿ ಎರಡು ಅಥವಾ ಮೂರು ಮೊಟ್ಟೆಗಳನ್ನಿಡುತ್ತದೆ. ಕಾವು ಸುಮಾರು 12 ದಿನ. ಮತ್ತೆ ಹೆಚ್ಚುಕಡಿಮೆ ಅಷ್ಟೇ ದಿನಗಳಲ್ಲಿ ಮರಿ ಗೂಡು ಬಿಡುತ್ತದೆ. ಚೆನ್ನಾಗಿ ಹಾರಲು ಬರುವ ಮೊದಲೇ ಬಿಡುತ್ತದೆ ಎಂಬುದನ್ನು ಅಧ್ಯಾಪಕರು ಮುಂಚಿತವಾಗಿ ತಿಳಿಸಬೇಕು. ಮೋಟುಬಾಲದ, ಕೆಂಪು ಮಚ್ಚೆಯಿನ್ನೂ ಮೂಡದ ಮರಿ ಪೊದೆಯ ಬುಡದಲ್ಲಿ ಕುಳಿತಿದ್ದರೆ ಅದು ಅನಾಥವಲ್ಲ. ದೊಡ್ಡ ಹಕ್ಕಿಗಳು ಇನ್ನೂ ಕೆಲವು ದಿನ ಅಲ್ಲಿಗೇ ಬಂದು ಉಣಿಸುತ್ತವೆ. ಕರುಣೆಯಿಂದ ಅದನ್ನು ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಮನೆಗೊಯ್ಯುವ ಮಗು ಅದರ ಉಣಿಸನ್ನೇ ತಪ್ಪಿಸುತ್ತದೆ. ಬೆಕ್ಕಿನ ಭಯವಿದ್ದರೆ ಹತ್ತಿರದ ಪೊದೆಯ ಮೇಲೆ ಕೂರಿಸಿ ದೂರ ಸರಿದರೆ ಸಾಕು. ಮನುಷ್ಯರು ಮುಟ್ಟಿದ ಮರಿಯನ್ನು ಹಕ್ಕಿ ತೊರೆಯುತ್ತದೆ ಎಂಬ ನಂಬಿಕೆಗೆ ಆಧಾರವಿಲ್ಲ.

ಚಿತ್ರ ತೆಗೆಯಲು ತರಗತಿಗೊಂದು ಮೊಬೈಲ್ ಸಾಕು. ಕಿಟಕಿಯ ಒಳಗಿನಿಂದ, ಫ್ಲ್ಯಾಶ್ ಇಲ್ಲದೆ, ಒಬ್ಬರು ಮಾತ್ರ ತೆಗೆಯಲಿ. ಗೂಡು ಸ್ಪಷ್ಟವಾಗಿ ಕಾಣಲೆಂದು ಎಲೆ ಸವರುವುದು ಎಲ್ಲಕ್ಕಿಂತ ಕೆಟ್ಟ ಅಭ್ಯಾಸ: ಆ ಎಲೆಯೇ ನೆರಳು, ಆ ಎಲೆಯೇ ಮರೆ. ಜನ ಗುಂಪುಗೂಡಿದಲ್ಲಿಗೆ ಕಾಗೆಯ ಕಣ್ಣೂ ಬೀಳುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ‘ಬೇಟೆ’ ಎಂಬುದರ ವ್ಯಾಖ್ಯೆ ಕಾಡುಹಕ್ಕಿಯ ಗೂಡು, ಮೊಟ್ಟೆಗಳಿಗೆ ತೊಂದರೆ ಕೊಡುವುದನ್ನೂ ಒಳಗೊಂಡಿದೆ. ಚಿತ್ರ ಮಸುಕಾದರೂ ಆಗಲಿ. ಅದು ಬರವಣಿಗೆಗೆ ಸಾಕ್ಷಿಯೇ ಹೊರತು ಪ್ರದರ್ಶನದ ವಸ್ತುವಲ್ಲ.

ಭಾಷಾಪಾಠದ ತಿರುಳಿರುವುದು ಮುಂದಿನ ಹಂತದಲ್ಲಿ. “ತಾಯಿ ಮರಿಯನ್ನು ಗೂಡಿನಿಂದ ತಳ್ಳಿತು” ಎಂದು ಮಗು ಬರೆಯುತ್ತದೆ. ತಳ್ಳಿದ್ದನ್ನು ಕಂಡವರಾರು? ಪಿಕಳಾರದಲ್ಲಿ ಗಂಡು ಹೆಣ್ಣು ನೋಡಲು ಒಂದೇ ತೆರ, ಮರಿಗಳಿಗೆ ಉಣಿಸುವುದೂ ಎರಡೂ ಸೇರಿ. ಹೀಗಿರುವಾಗ ‘ತಾಯಿ’ ಎಂದು ಗುರುತಿಸಿದ್ದು ಹೇಗೆ? ಈ ಎರಡು ಪ್ರಶ್ನೆಗಳನ್ನು ಗದರಿಸದೆ ಕೇಳಬೇಕು. ಆಗ ವಾಕ್ಯ ಬದಲಾಗುತ್ತದೆ: “ದೊಡ್ಡ ಹಕ್ಕಿ ಹುಳ ಕಚ್ಚಿಕೊಂಡು ಪಕ್ಕದ ಗೆಲ್ಲಿನಲ್ಲಿ ಕುಳಿತಿತು. ಮರಿ ಗೂಡಿನ ಅಂಚಿಗೆ ಬಂತು. ಸ್ವಲ್ಪ ಹೊತ್ತು ರೆಕ್ಕೆ ಬಡಿಯಿತು.” ಮೊದಲನೆಯದು ಕೇಳಿದ ಕತೆ, ಎರಡನೆಯದು ಕಂಡ ಸಂಗತಿ. (‘ಗೆಲ್ಲು’ ಎಂದು ಬರೆದುದನ್ನು ‘ಕೊಂಬೆ’ ಎಂದು ಕೆಂಪು ಶಾಯಿಯಲ್ಲಿ ತಿದ್ದುವುದು ಬೇಡ. ಅದೂ ಕನ್ನಡವೇ, ಮಗುವಿನ ಊರಿನ ಕನ್ನಡ.) ಊಹೆ ಬರೆಯಬಾರದೆಂದಲ್ಲ, ‘ಇರಬಹುದು’, ‘ಅನ್ನಿಸಿತು’ ಎಂಬ ರೂಪಗಳಿರುವುದೇ ಅದಕ್ಕಾಗಿ. ವ್ಯಾಕರಣದ ಪುಟದಲ್ಲಿ ಬಾಯಿಪಾಠವಾಗುವ ಸಂಭಾವನಾರ್ಥಕ್ಕೆ ಇಲ್ಲಿ ನಿಜವಾದ ಕೆಲಸ ಸಿಗುತ್ತದೆ.

ಒಂದು ಬೆಳಗ್ಗೆ ಗೂಡು ಬರಿದಾಗಿರುತ್ತದೆ. ಹಿಂದಿನ ದಿನದ ಚಿತ್ರದಲ್ಲಿ ಮರಿಗಳಿಗೆ ಪುಕ್ಕ ಬಲಿತಿತ್ತೇ ಎಂದು ಮಕ್ಕಳೇ ನೋಡಲಿ. ಬಲಿತಿದ್ದರೆ ಸುತ್ತಲಿನ ಪೊದೆಗಳಲ್ಲಿ ಕಿವಿಗೊಟ್ಟು ಹುಡುಕಬಹುದು. ಬಲಿತಿರದಿದ್ದರೆ ಕಾಗೆಯೋ ಕೆಂಬೂತವೋ ಹಾವೋ ಒಯ್ದಿರಬಹುದು. ಆಗ “ಹಾರಿಹೋಯಿತು” ಎಂದು ಸಮಾಧಾನ ಹೇಳದೆ, ಆ ವಾಕ್ಯವನ್ನೂ ‘ಇರಬಹುದು’ ಸೇರಿಸಿಯೇ ಬರೆಸಬೇಕು.